ಮಾವನ ಕುರ್ಚಿ, ಅಳಿಯನ ಕತ್ತಿ

ಕುರ್ಚಿಗಾಗಿ ಬೇರೆಯವರ ರಕ್ತ ಹರಿಸಿದವರ ಕಥೆ ನೀವು ಬೇಕಾದಷ್ಟು ಕೇಳಿರುತ್ತೀರಿ. ಕುರ್ಚಿಗಾಗಿ ತಮ್ಮದೇ ರಕ್ತ ಹರಿಸಿದವರು, ಅದೂ ಇನ್ನೊಬ್ಬರನ್ನು ಅದರಲ್ಲಿ ಕೂರಿಸಲಿಕ್ಕಾಗಿ, ನನಗೆ ತಿಳಿದಂತೆ ಒಬ್ಬರೇ. ನಮ್ಮ ಭಾವ! ಹರಿಸಿದ್ದು ರಣರಂಗದಲ್ಲಲ್ಲ, ಬಚ್ಚಲುಮನೆಯ ಕನ್ನಡಿಯ ಮುಂದೆ.

ಭಾವ ಎಂದರೆ ಅಕ್ಕನ ಗಂಡ. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ನಮ್ಮ ಅಪ್ಪ ಶುರು ಮಾಡಿದ ಉಡುಪಿ ಹೋಟೆಲನ್ನು ಈಗ ನಡೆಸುವವರು ಅವರೇ. ಕೆಳಗೆ ಹೋಟೆಲು, ಮೇಲೆ ಮನೆ. ನಾನು ಊರಿನ ಇನ್ನೊಂದು ತುದಿಯಲ್ಲಿ, ವಟ್ವಾದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ವಾರವಿಡೀ ನನ್ನ ಕೈಯಡುಗೆಯನ್ನೇ ತಿಂದ ಶಿಕ್ಷೆ ಮುಗಿಸಿ ಭಾನುವಾರ ಅಕ್ಕನ ಮನೆಗೆ ಓಡುತ್ತೇನೆ. ಹಾಗಾಗಿ ಗಡ್ಡದ ಗೊಡವೆಯೇ ಇಲ್ಲದ ಹೆಣ್ಣುಮಗಳಾದರೂ ಈ ಕ್ಷೌರಪುರಾಣಕ್ಕೆ ನಾನೇ ಪ್ರತ್ಯಕ್ಷ ಸಾಕ್ಷಿ.

ಅಪ್ಪನದ್ದೊಂದು ನಿಯಮ. ಬೆಳಿಗ್ಗೆ ಕ್ಷೌರವಾಗದೆ ಹೋಟೆಲಿನ ಕೌಂಟರಿನ ಕುರ್ಚಿಯಲ್ಲಿ ಕೂರುವಂತಿಲ್ಲ. ಕ್ಷೌರವೆಂದರೆ ಬ್ಲೇಡಿನದಲ್ಲ, ಕೊಂಬಿನ ಹಿಡಿಯ, ಮಡಚುವ ಹಳೆಯ ಕತ್ತಿಯದು. ಹೋದ ಮಳೆಗಾಲದಲ್ಲಿ ಕಾಯಿಲೆ ಬಿದ್ದು ಎದ್ದ ಮೇಲೆ ಅವರ ಕೈ ನಡುಗತೊಡಗಿತು. ಕತ್ತಿ ಪೆಟ್ಟಿಗೆ ಸೇರಿತು, ಗಡ್ಡ ಬೆಳೆಯಿತು, ಅಪ್ಪ ಕೆಳಗಿಳಿಯುವುದನ್ನೇ ಬಿಟ್ಟರು. ಸಲೂನಿನವನನ್ನು ಕರೆಸೋಣವೆಂದರೆ, “ಗುರುತಿಲ್ಲದವನ ಕೈಗೆ ಕುತ್ತಿಗೆ ಕೊಡುದಾ?” ಎಂದರು. ಅಕ್ಕ ಟ್ರಿಮ್ಮರ್ ತಂದುಕೊಟ್ಟರೆ, “ಮಿಕ್ಸಿಯನ್ನು ಮುಖಕ್ಕೆ ಹಿಡೀತಾರಾ ಯಾರಾದ್ರೂ?” ಎಂದು ಅದನ್ನು ದೂರ ಸರಿಸಿದರು. ದಿನವಿಡೀ ಕಿಟಕಿಯ ಬಳಿ ಕುಳಿತು ರಸ್ತೆ ನೋಡುವುದು. ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ನನಗೂ ಅಕ್ಕನಿಗೂ ನಿಜಕ್ಕೂ ಹೆದರಿಕೆ ಹತ್ತಿತು.

ಒಂದು ಭಾನುವಾರ ಭಾವ ಅಪ್ಪನ ಮುಂದೆ ಹೋಗಿ ನಿಂತರು. “ನಾನು ಮಾಡ್ತೇನೆ ಮಾವ, ನಿಮ್ಮ ಕ್ಷೌರ.”

ಅಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮೊದಲು ನಿಮ್ಮ ಮುಖದಲ್ಲಿ ಕಲೀರಿ. ಒಂದು ಗೀರೂ ಇಲ್ಲದೆ ಬನ್ನಿ. ಆಮೇಲೆ ನನ್ನ ಮುಖದ ವಿಷಯ.”

ಬೇರೆಯವರಾದರೆ ಅಲ್ಲಿಗೇ ಕೈ ಮುಗಿದು ಹೋಗುತ್ತಿದ್ದರು. ಭಾವ ಹಾಗೆ ಬಿಡುವ ಆಸಾಮಿಯೇ? ಅಪ್ಪನ ಕುರ್ಚಿ ಖಾಲಿ ಬಿದ್ದಿದ್ದರೂ ಬೆಳಗಿನಿಂದ ರಾತ್ರಿಯವರೆಗೆ ಅದರ ಪಕ್ಕದಲ್ಲಿ ನಿಂತೇ ಕೌಂಟರ್ ನೋಡಿಕೊಳ್ಳುವ ವಿಚಿತ್ರ ಮನುಷ್ಯ ಅವರು! ಕೂತುಕೊಳ್ಳಿ ಭಾವ ಎಂದರೆ, “ನಿಂತ್ರೇ ನಂಗೆ ಆರಾಮ” ಎನ್ನುತ್ತಿದ್ದರು. ರಾತ್ರಿ ಬಿಸಿನೀರಿನಲ್ಲಿ ಕಾಲು ಅದ್ದಿಕೊಂಡು ಕೂರುವುದೂ ಬಹುಶಃ ಆ ಆರಾಮದ ಭಾಗವೇ ಇರಬೇಕು.

ದೀಪಾವಳಿಯ ಹೊತ್ತಿಗೆ ಪಾರ್ಸೆಲ್ ಬಂತು. ಒಂದು ಕತ್ತಿ, ಸಾಣೆಕಲ್ಲು, ಬ್ರಷ್ಷು, ಶ್ರೀಗಂಧದ ಸೋಪಿನ ಬಿಲ್ಲೆ, ಅದರಿಂದ ನೊರೆ ಬರಿಸಲು ಹಿತ್ತಾಳೆಯ ಬಟ್ಟಲು. ಅಕ್ಕ ಹಿತ್ತಾಳೆ ಕಂಡು, ಗಂಧದ ಪರಿಮಳ ಮೂಸಿ, ಬಟ್ಟಲನ್ನೂ ಬಿಲ್ಲೆಯನ್ನೂ ಪೂಜೆಯ ಸಾಮಾನೆಂದು ಒಯ್ದು ದೇವರ ಮುಂದೆ ಇಟ್ಟುಬಿಟ್ಟಳು!

“ಇಷ್ಟೆಲ್ಲ ಎಂತಕ್ಕೆ ಭಾವ? ಬ್ಲೇಡಿನಲ್ಲಿ ಕಲಿತರೆ ಆಗುದಿಲ್ವಾ?” ಎಂದೆ.

“ಬ್ಲೇಡು ಅಂದ್ರೆ ಇನ್‌ಸ್ಟಂಟ್ ಕಾಫಿ ಮಾರಾಯ್ತಿ. ಇದು ಡಿಕಾಕ್ಷನ್. ಇಳೀಲಿಕ್ಕೆ ಟೈಮ್ ಬೇಕು” ಎಂದರು ಭಾವ, ಆಗಲೇ ಅರ್ಧ ಪಂಡಿತರಂತೆ.

ಡಿಕಾಕ್ಷನ್ ಇಳಿಯುವ ಮೊದಲು ಇಳಿದದ್ದು ಅವರ ಪ್ಯಾಂಟು. ಪ್ರತಿ ಸಲ ಕ್ಷೌರಕ್ಕೆ ಮೊದಲು ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಹಿಂದೆ ಮುಂದೆ ಎಳೆದು ಹದ ಮಾಡಬೇಕಂತೆ. ಪಾರ್ಸೆಲಿನಲ್ಲಿ ಆ ಪಟ್ಟಿ ಇರಲಿಲ್ಲ. ಭಾವ ತಮ್ಮ ಬೆಲ್ಟನ್ನೇ ಬಿಚ್ಚಿ ಕಿಟಕಿಯ ಸರಳಿಗೆ ಕಟ್ಟಿದರು. ತುದಿಗೆ ಬಂದಾಗ ಕತ್ತಿಯನ್ನು ಅದರ ಬೆನ್ನಿನ ಮೇಲೆ ಹೊರಳಿಸಬೇಕು. ಭಾವ ದೋಸೆ ಮಗುಚುವವರ ವಂಶ. ಒಂದೇ ಏಟಿಗೆ ಅಲಗಿನ ಮೇಲೆಯೇ ಮಗುಚಿದರು. ಬೆಲ್ಟು ಎರಡು ತುಂಡು! ಮನೆಯಲ್ಲಿದ್ದದ್ದು ಅದೊಂದೇ ಬೆಲ್ಟು. ಅಂದು ಪಂಚೆ ಉಟ್ಟು ಕೌಂಟರಿನಲ್ಲಿ ನಿಂತ ಅವರನ್ನು ಕಂಡು ಗಿರಾಕಿಗಳೆಲ್ಲ ಇವತ್ತು ನಿಮ್ಮಲ್ಲಿ ಯಾವ ಹಬ್ಬ ಎಂದು ಕೇಳತೊಡಗಿದರು. ಭಾವ ಎಲ್ಲರಿಗೂ ಒಂದೊಂದು ಚಮಚ ಶೀರಾ ಕೊಟ್ಟು ಪಾರಾದರು.

ಮುಖಕ್ಕೆ ಕತ್ತಿ ಹಚ್ಚುವ ಮೊದಲು ಬೇರೆ ಯಾವುದರ ಮೇಲಾದರೂ ಕೈ ಪಳಗಿಸಬೇಕು. ಬಲೂನಿಗೆ ನೊರೆ ಹಚ್ಚಿ ಬೋಳಿಸಿ ಕಲಿಯುವವರಿದ್ದಾರಂತೆ. ಆದರೆ ಉಡುಪಿ ಹೋಟೆಲಿನ ಉಗ್ರಾಣದಲ್ಲಿ ಬಲೂನು ಎಲ್ಲಿಂದ ಬರಬೇಕು? ಅಲ್ಲಿದ್ದದ್ದು ಊರಿನಿಂದ ರೈಲಿನಲ್ಲಿ ಬಂದ ಮಂಗಳೂರು ಸೌತೆ. ಗಲ್ಲದಂತೆಯೇ ದುಂಡಗೆ, ನುಣ್ಣಗೆ! ಭಾವ ಒಂದೊಂದಕ್ಕೂ ಗಂಧದ ನೊರೆ ಹಚ್ಚಿ, ನಾಜೂಕಾಗಿ ಬೋಳಿಸಿ, ಒರೆಸಿ, ಬುಟ್ಟಿಗೆ ವಾಪಸು ಹಾಕುತ್ತಿದ್ದರು. ಇದೊಂದೂ ಅಡುಗೆಭಟ್ಟರಿಗೆ ಗೊತ್ತಿಲ್ಲ. ಅವರು ಎಂದಿನಂತೆ ಸಿಪ್ಪೆಸಮೇತ ಹೆಚ್ಚಿ ಸಾಂಬಾರಿಗೆ ಹಾಕಿದರು.

ಎಣ್ಣೆ ಕಂಪನಿಯಲ್ಲಿ ಕೆಲಸ ಮಾಡುವ ಹಳೆಯ ಗಿರಾಕಿಯೊಬ್ಬರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ತೆರೆದು, ಗೌರವದಿಂದಲೇ ವಿಚಾರಿಸಿದರು. “ಸಾಂಭಾರ್‌ಮಾ ಸುಖಡ್ ನಾಖ್ಯು ಛೆ?” ಸಾಂಬಾರಿಗೆ ಶ್ರೀಗಂಧ ಹಾಕಿದ್ದೀರಾ ಎಂದು! ಕೊಪ್ಪರಿಗೆಗಟ್ಟಲೆ ಸಾಂಬಾರು ಚೆಲ್ಲಿ, ಅಂದು ಮಧ್ಯಾಹ್ನದವರೆಗೆ ಬರೀ ಚಟ್ನಿಯಲ್ಲಿ ಹೋಟೆಲು ನಡೆಯಿತು. ಅಕ್ಕ ಭಾವನಿಗೆ ಬೈದದ್ದನ್ನು ಇಲ್ಲಿ ಬರೆಯುವುದು ಬೇಡ. ಆದರೆ ಈ ಸುದ್ದಿ ಮಹಡಿಗೆ ಮುಟ್ಟಿದಾಗ ಅಪ್ಪ ನಕ್ಕರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ಆಮೇಲೆ ಅಪ್ಪನಿಗೆ ತಡೆಯಲಾಗಲಿಲ್ಲವೆಂದು ಕಾಣುತ್ತದೆ. ಭಾವ ಕತ್ತಿ ಹಿಡಿಯುವ ಹೊತ್ತಿಗೆ ಅಪ್ಪನ ಕುರ್ಚಿ ಕಿಟಕಿ ಬಿಟ್ಟು ಬಚ್ಚಲಿನ ಬಾಗಿಲಿಗೆ ಬಂತು.

“ಚರ್ಮ ಎಳೆದು ಹಿಡೀರಿ.”

“ಹಿಡಿದಿದ್ದೇನೆ ಮಾವ.”

“ಕತ್ತಿಯನ್ನು ಅಷ್ಟು ನೆಟ್ಟಗೆ ನಿಲ್ಲಿಸ್ಬೇಡಿ. ಮಲಗಿಸಿ, ಸ್ವಲ್ಪ ಮಲಗಿಸಿ. ಅದು ಕಾವಲಿ ಕೆರೆಯುವ ಸಟ್ಟುಗ ಅಲ್ಲ!”

“ಆಯ್... ಅಮ್ಮಾ!”

“ಹೋಯ್ತು.”

ಜನವರಿ ಬಂತು. ಉತ್ತರಾಯಣಕ್ಕೆ ಅಹಮದಾಬಾದಿನ ಆಕಾಶದ ತುಂಬ ಗಾಳಿಪಟ, ರಸ್ತೆಯ ತುಂಬ ಗಾಜಿನಪುಡಿ ಹಚ್ಚಿದ ದಾರ. ಭಾವನ ಗದ್ದಕ್ಕೆ ಅಂಟುಪಟ್ಟಿ. ಕೌಂಟರಿಗೆ ಬಂದವರೆಲ್ಲ ಮರುಗಿದ್ದೇ ಮರುಗಿದ್ದು. “ಅರೆರೆ, ದೋರಿ ವಾಗಿ?” ದಾರ ತಾಗಿತೇ ಎಂದು. ಭಾವ ಮುಖ ಸಣ್ಣದು ಮಾಡಿಕೊಂಡು ಹೌದೆಂದು ತಲೆಯಾಡಿಸಿದರು. ಆ ವಾರವಿಡೀ ಸಿಕ್ಕ ಅನುಕಂಪವನ್ನು ಅವರು ಜೀವನದಲ್ಲೇ ಕಂಡಿರಲಿಲ್ಲ.

ಅಪ್ಪನಿಗೆ ಮಾತ್ರ ಇದು ಹಿಡಿಸಲಿಲ್ಲ. “ಕೌಂಟರಿನಲ್ಲಿ ನಿಂತು ಸುಳ್ಳು ಹೇಳಿದ್ರಾ? ಕತ್ತಿ ತಾಗಿದ್ದನ್ನು ಕತ್ತಿ ತಾಗಿದ್ದು ಅಂತ್ಲೇ ಹೇಳ್ಬೇಕು.”

ಅಂಟುಪಟ್ಟಿಗಳು ನಿಧಾನವಾಗಿ ಚಿಕ್ಕವಾದವು. ಹೋಳಿ ಹತ್ತಿರವಾದಾಗ ಒಂದು ಭಾನುವಾರ ಬೆಳಿಗ್ಗೆ ಭಾವ ಬಚ್ಚಲಿನಿಂದ ಹೊರಬಂದರು. ನಾನೂ ಅಕ್ಕನೂ ಅವರ ಮುಖವನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದೆವು. ಒಂದು ಗೀರಿಲ್ಲ! ಮೂವರೂ ಮೆರವಣಿಗೆಯಲ್ಲಿ ಅಪ್ಪನ ಬಳಿ ಹೋದೆವು. ಅಪ್ಪ ಕನ್ನಡಕ ಏರಿಸಿಕೊಂಡು ಎಡಗಡೆ ನೋಡಿದರು, ಬಲಗಡೆ ನೋಡಿದರು. ಕಿವಿಯ ಕೆಳಗೆ ಬೆರಳು ತೋರಿಸಿದರು. ಸಾಸಿವೆಯಷ್ಟು ಕೆಂಪು.

ಭಾವನ ಮುಖ ಸಪ್ಪಗಾಯಿತು. “ಬರುವ ಆದಿತ್ಯವಾರ ನೋಡುವ, ಮಾವ” ಎಂದು ತಿರುಗಿದರು.

“ನಿಲ್ಲಿ.”

ಅಪ್ಪ ಎದ್ದು ಹೋಗಿ ತಮ್ಮ ಪೆಟ್ಟಿಗೆ ತೆರೆದರು. ರಕ್ತ ನಿಲ್ಲಿಸಲು ಸವರುವ ಪಟಿಕದ ತುಂಡು ತೆಗೆದು ನೀರಿನಲ್ಲಿ ಅದ್ದಿದರು. ನಡುಗುವ ಆ ಕೈ ಅಳಿಯನ ಮುಖದತ್ತ ಚಾಚಿತು. ಪಟಿಕ ಮೊದಲು ಮೂಗಿಗೆ ತಾಗಿತು, ಆಮೇಲೆ ಗಲ್ಲಕ್ಕೆ, ಆಮೇಲೆ ಕಿವಿಗೆ. ಭಾವ ಬಗ್ಗಿ ನಿಂತೇ ಇದ್ದರು. ಆ ಕೈಯನ್ನು ಹಿಡಿದು ಗಾಯದ ಜಾಗ ತೋರಿಸಲು ಹೋಗಲಿಲ್ಲ. ಅದಾಗಿಯೇ ಮುಟ್ಟುವವರೆಗೆ ಕಾದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಳಿಕ ಅಪ್ಪ ತಮ್ಮ ಕೊಂಬಿನ ಹಿಡಿಯ ಕತ್ತಿಯನ್ನು ತೆಗೆದು ಭಾವನ ಕೈಗಿತ್ತು, ಕುರ್ಚಿಗೆ ಒರಗಿ, ಕುತ್ತಿಗೆ ಚಾಚಿ ಕಣ್ಣು ಮುಚ್ಚಿದರು. ಭಾವ ನೊರೆ ಹಚ್ಚಿದರು. ಕತ್ತಿ ಎತ್ತಿದವರ ಕೈ ಗಡಗಡ.

ಅಪ್ಪ ಕಣ್ಣು ತೆರೆಯದೆಯೇ ಹೇಳಿದರು. “ನಡುಗ್ಲಿಕ್ಕೆ ಈ ಮನೆಯಲ್ಲಿ ನನ್ನ ಕೈ ಒಂದು ಸಾಕು. ನೀವು ಸುರು ಮಾಡಿ.”

ಕ್ಷೌರ ಮುಗಿದ ಮೇಲೆ ಅಪ್ಪ ಬಿಳಿ ಅಂಗಿ ತೊಟ್ಟು, ಭಾವನ ಹೆಗಲು ಹಿಡಿದು ಮೆಟ್ಟಿಲಿಳಿದು, ತಮ್ಮ ಕುರ್ಚಿಯಲ್ಲಿ ಕುಳಿತರು. ಸಾಂಬಾರಿನಲ್ಲಿ ಶ್ರೀಗಂಧ ಕಂಡುಹಿಡಿದಿದ್ದ ಅದೇ ಗಿರಾಕಿ ಓಡಿ ಬಂದು ಅವರ ಕೈ ಹಿಡಿದುಕೊಂಡರು. ಆಮೇಲೆ ಅಪ್ಪನ ಗದ್ದದ ಮೇಲಿನ ಸಣ್ಣ ಅಂಟುಪಟ್ಟಿ ನೋಡಿ ಗಾಬರಿಯಾದರು. “ಕಾಕಾ, ಇದೇನಾಯಿತು?” ಎಂದು ಕೇಳಿದರು.

ಭಾವ ಉಸಿರು ಬಿಗಿಹಿಡಿದು ನಿಂತಿದ್ದರು. ಅಪ್ಪ ಅವರ ಕಡೆ ನೋಡಲೂ ಇಲ್ಲ.

“ದೋರಿ ವಾಗಿ” ಎಂದರು ಅಪ್ಪ.

ಆಕಾಶದಲ್ಲಿ ಒಂದು ಗಾಳಿಪಟವೂ ಇರಲಿಲ್ಲ. ಭಾವ ಒಳಗಿನಿಂದ ಒಂದು ಸ್ಟೂಲು ತಂದು, ಕೌಂಟರಿನ ಹಿಂದೆ ಮಾವನ ಪಕ್ಕದಲ್ಲಿ ಹಾಕಿಕೊಂಡು ಕುಳಿತರು.