ಇಲ್ಲದ ಕುರ್ಚಿಗಳ ಪಟ್ಟಿ

ಕುರ್ಚಿಗಾಗಿ ನಡೆದ ಯುದ್ಧಗಳು ಲೋಕದಲ್ಲಿ ಲೆಕ್ಕವಿಲ್ಲದಷ್ಟು. ಇಲ್ಲದ ಕುರ್ಚಿಗಾಗಿ ನಡೆದದ್ದು ಒಂದೇ. ಅದು ನೀರು ಸರಬರಾಜು ಕಚೇರಿಯ ಎರಡನೆಯ ಮಹಡಿಯಲ್ಲಿ, ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಆರಂಭವಾಗಿ ಊಟದ ಹೊತ್ತಿಗೆ ಮುಗಿಯಿತು. ಇತಿಹಾಸಕಾರರು ಇದನ್ನು ಗಮನಿಸಿಲ್ಲವಾದ್ದರಿಂದ ಇಲ್ಲಿ ದಾಖಲಿಸುವುದು ಅನಿವಾರ್ಯವಾಗಿದೆ.

ಈ ಯುದ್ಧದ ಸೇನಾಪತಿಯನ್ನು ಕಚೇರಿಯವರೆಲ್ಲ ಪಾಸ್‌ವರ್ಡಪ್ಪ ಎನ್ನುತ್ತಿದ್ದರು. ಮೂಲತಃ ಅವನು ಕಡತ ವಿಭಾಗದ ಗುಮಾಸ್ತ. ಒಮ್ಮೆ ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದಂತೆ ಎಳೆದು ತೆಗೆದ ತಪ್ಪಿಗೆ ಸಾಹೇಬರು ಅವನನ್ನು ಸೈಬರ್ ಭದ್ರತೆಯ ಸಂಯೋಜಕನನ್ನಾಗಿ ಮಾಡಿಬಿಟ್ಟಿದ್ದರು. ಎರಡು ವರ್ಷ ರಜೆಯ ಮುಖ ಕಾಣದೆ ಅವನು ಅರವತ್ತನಾಲ್ಕು ಪುಟದ ಯೋಜನೆ ಬರೆದ. ಕಳ್ಳರು ದೂರದಲ್ಲಿ ಕೂತು ಕಂಪ್ಯೂಟರಿಗೆ ಬೀಗ ಜಡಿದರೆ ಮೊದಲು ತಂತಿ ಕೀಳುವವರು ಯಾರು, ಯಾರು ಯಾರಿಗೆ ಫೋನ್ ಮಾಡಬೇಕು, ಪಂಪುಗಳನ್ನು ಕೈಯಿಂದ ನಡೆಸುವುದು ಹೇಗೆ, ಎಲ್ಲವೂ ಅದರಲ್ಲಿತ್ತು. ಉಳಿದದ್ದು ಒಂದು ಅಣಕು ಪರೀಕ್ಷೆ ಮಾತ್ರ. ಮೋಸದ ಮೇಲ್ ಒಂದನ್ನು ತಾನೇ ಎಲ್ಲರಿಗೂ ಕಳಿಸಬೇಕು; ಯಾರು ಅದನ್ನು ಒತ್ತಿ ಸಿಕ್ಕಿಬೀಳುತ್ತಾರೆ ನೋಡಬೇಕು; ಕೇಂದ್ರ ಕಚೇರಿಗೆ ವರದಿ ಹೋಗಬೇಕು.

"ಪರೀಕ್ಷೆ ಚೆನ್ನಾಗಿ ಆದ್ರೆ ಅವತ್ತೇ ನಿಮ್ಮ ರಜೆ ಚೀಟಿಗೆ ಸಹಿ," ಎಂದಿದ್ದರು ಸಾಹೇಬರು. "ಹತ್ತು ದಿನ. ನನ್ನ ಮಾತು."

ಆ ಗುರುವಾರ ಬೆಳಗಾಗುವಷ್ಟರಲ್ಲೇ ಮನೆಯಲ್ಲಿ ಹೆಂಡತಿ ಸೂಟ್‌ಕೇಸ್ ತುಂಬಿದ್ದಳು. ಸಮುದ್ರದ ಪಕ್ಕದಲ್ಲಿ ಅವಳ ಅಕ್ಕನ ಮನೆ. "ಎರಡು ಸಲ ಟಿಕೆಟ್ ವಾಪಸ್ ಮಾಡಿಸಿದ್ದೀರಿ. ಈ ಸಲ ಬಂದ್ರೆ ಬನ್ನಿ, ಇಲ್ದಿದ್ರೆ ನಾನೊಬ್ಳೇ ನಾಳೆ ಬಸ್ಸು ಹತ್ತೋದೇ. ಭಾವ ಕೇಳಿದ್ರೆ, ನಮ್ಮೋರು ಕಂಪ್ಯೂಟರ್ ಕಾಯ್ತಾ ಕೂತಿದ್ದಾರೆ ಅಂತೀನಿ."

ಪಾಸ್‌ವರ್ಡಪ್ಪ ಅದೃಷ್ಟವನ್ನು ನಂಬಿ ಕೂರುವವನಲ್ಲ. ಬೆಳಿಗ್ಗೆ ಹತ್ತಕ್ಕೇ ಮೇಜಿನಿಂದ ಮೇಜಿಗೆ ಹೋಗಿ ಗುಟ್ಟಾಗಿ ಊದಿದ: "ಹನ್ನೊಂದಕ್ಕೆ 'ಹೊಸ ಕುರ್ಚಿಗಳ ಹಂಚಿಕೆ ಪಟ್ಟಿ' ಅಂತ ಮೇಲ್ ಬರುತ್ತೆ. ಸುಳ್ಳು ಅದು. ಒತ್ತಬೇಡಿ. ಬಂತು ಅಂತ ನನಗೆ ತಿಳಿಸಿ, ಸಾಕು."

ಹನ್ನೊಂದಕ್ಕೆ ಮೇಲ್ ಹೊರಟಿತು. ಮುದಿ ಕಂಪ್ಯೂಟರುಗಳಾದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ತಲುಪಿತು. ಅಲ್ಲಿಗೆ ಶಾಂತಿ ಮುಗಿಯಿತು.

ಮೊದಲು ಬಂದವರು ಟಪಾಲು ವಿಭಾಗದ ಹಿರಿಯರು. "ಏನಪ್ಪಾ, ಆ ಸುಳ್ಳು ಮೇಲು ನಂಗಿನ್ನೂ ಬಂದೇ ಇಲ್ವಲ್ಲ."

"ಬರುತ್ತೆ ಸಾರ್, ಸ್ವಲ್ಪ ತಡೀರಿ."

"ಟೈಪಿಸ್ಟಮ್ಮಂಗೆ ಆಗ್ಲೇ ಬಂದಿದೆ. ನಿನ್ನೆ ಮೊನ್ನೆ ಸೇರಿದೋಳು. ಸೀನಿಯಾರಿಟಿ ಅನ್ನೋದು ಒಂದಿದೆ ನೋಡು. ಮೋಸ ಮಾಡೋದಾದ್ರೂ ಕ್ರಮವಾಗಿ ಮಾಡಬೇಕಪ್ಪಾ."

ಅವರ ಬೆನ್ನಿಗೇ ಹೆಡ್ ಕ್ಲರ್ಕ್ ಮೇಡಂ ಬಂದು ದನಿ ತಗ್ಗಿಸಿದರು. "ಒತ್ತಲ್ಲ ಕಣ್ರೀ, ಸತ್ಯವಾಗ್ಲೂ ಒತ್ತಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಇದೆಯೋ ಇಲ್ವೋ, ಅಷ್ಟು ಹೇಳಿಬಿಡಿ."

"ಮೇಡಂ, ಪಟ್ಟಿನೇ ಇಲ್ಲ."

"ಹಾಗಂತ ಬೇರೆಯವರಿಗೆ ಹೇಳಿ. ನನ್ನ ಹತ್ರ ಯಾಕೆ ಮುಚ್ಚಿಡ್ತೀರಿ? ಕುರ್ಚಿ ಕಾಲು ಮುರಿದು ಮೂರು ವರ್ಷ ಆಯ್ತು, ಇಟ್ಟಿಗೆ ಇಟ್ಟುಕೊಂಡು ಕೂತಿದ್ದೀನಿ."

ಮೇಡಂ ಐದು ನಿಮಿಷ ಅವನ ಮೇಜಿನ ಬಳಿ ನಿಂತಿದ್ದನ್ನು ನಕ್ಷೆ ವಿಭಾಗದವರು ನೋಡಿದರು. ನೋಡಿದ್ದನ್ನು ಮೀಟರ್ ವಿಭಾಗಕ್ಕೆ ಹೇಳಿದರು. ಅರ್ಧ ಗಂಟೆಯೊಳಗೆ ಆ ಇಲ್ಲದ ಕುರ್ಚಿಗಳಲ್ಲಿ ಕೈಯಿರುವವು, ಗಾಲಿಯಿರುವವು ಎಂದು ಜಾತಿಗಳಾದವು. ಗಾಲಿಯವೆಲ್ಲ ಮೀಟರ್ ವಿಭಾಗಕ್ಕೇ ಹೋದವೆಂದು ತಿಳಿದು ಇಪ್ಪತ್ತು ವರ್ಷದ ಗೆಳೆಯರಿಬ್ಬರು ಮಾತು ಬಿಟ್ಟರು. ಕಾರಿಡಾರು ಕಲ್ಲೇಟು ತಿಂದ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು.

ಆದರೂ ಒಬ್ಬರೂ ಒತ್ತಲಿಲ್ಲ. ಪಾಸ್‌ವರ್ಡಪ್ಪನ ಪರದೆಯ ಮೇಲೆ ಸೊನ್ನೆ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಅವನು ಹೆಂಡತಿಗೆ ಫೋನ್ ಮಾಡಿ, "ನನ್ನ ಟವೆಲೂ ಇಟ್ಟುಬಿಡು," ಎಂದ.

ಫೋನ್ ಕೆಳಗಿಡುವಷ್ಟರಲ್ಲಿ ಸೊನ್ನೆ ಹೋಗಿ ಒಂದು ಬಂದಿತ್ತು. ಒತ್ತಿದ ಪುಣ್ಯಾತ್ಮರು ಒಬ್ಬರೇ. ಪಾಸ್‌ವರ್ಡನ್ನು ಮಾತ್ರ ಮೂರು ಸಲ ಧಾರೆ ಎರೆದಿದ್ದರು. ಹೆಸರು ಓದುವ ಮೊದಲೇ ಸಾಹೇಬರ ಕೋಣೆಯ ಗಂಟೆ ಬಾರಿಸಿತು.

"ಬನ್ರೀ. ಹೊರಗಡೆ ಎಲ್ಲ ಕುರ್ಚಿ ಕುರ್ಚಿ ಅಂತಿದ್ದಾರೆ. ನನಗೆ ತಿಳಿಸದೆ ಹಂಚಿದೋರು ಯಾರು ಅಂತ ನೋಡೋಣ ಅಂದ್ರೆ ಈ ಪಟ್ಟಿ ತೆಗೆಯೋಕೇ ಆಗ್ತಿಲ್ಲ. ಮೂರು ಸಲ ಪಾಸ್‌ವರ್ಡ್ ಕೊಟ್ಟೆ. ಸ್ವಲ್ಪ ನೋಡಿ."

ಕಚೇರಿಯಲ್ಲಿ ಗುಟ್ಟು ಗೊತ್ತಿಲ್ಲದವರು ಸಾಹೇಬರೊಬ್ಬರೇ. ಪರೀಕ್ಷೆಗೆ ಮೊದಲೇ ಉತ್ತರ ಹಂಚಿದ್ದೇನೆಂದು ಅವರಿಗೆ ಹೇಳುವುದಾದರೂ ಹೇಗೆ? ಇನ್ನು, ಪರೀಕ್ಷೆ ಎಂಬುದು ಕೈಕೆಳಗಿನವರಿಗೆ ಇರುವುದೆಂದೇ ಅವರು ತಿಳಿದಿದ್ದರು.

"ಸಾರ್, ಅದೇ ಪರೀಕ್ಷೆ."

"ಯಾವುದು?"

"ಈಗ ನೀವು ಒತ್ತಿದ್ರಲ್ಲ, ಅದು."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಬೇರೆ ಯಾರ್ಯಾರು ಒತ್ತಿದ್ರು?"

"ಒಬ್ರೂ ಇಲ್ಲ ಸಾರ್."

"ಇಷ್ಟೊಂದು ಬುದ್ಧಿವಂತರು ನಮ್ಮ ಕಚೇರೀಲಿ ಇದ್ದಾರೆ ಅಂತ ನನಗೆ ಗೊತ್ತಿರ್ಲಿಲ್ಲ," ಎಂದರು ಸಾಹೇಬರು ನೊಂದು. "ಯಾರೂ ಒತ್ತಿಲ್ಲ ಅಂತ ಬರೆದುಬಿಡಿ."

"ಒಬ್ರು ಒತ್ತಿದ್ದಾರೆ ಅನ್ನೋ ಲೆಕ್ಕ ತಾನಾಗೇ ಕೇಂದ್ರ ಕಚೇರಿಗೆ ಹೋಗಿಬಿಟ್ಟಿದೆ ಸಾರ್. ಹೆಸರು ಮಾತ್ರ ನಾವು ತುಂಬಬೇಕು."

ಇಬ್ಬರೂ ವರದಿಯ ಖಾಲಿ ಜಾಗವನ್ನೇ ನೋಡಿದರು. ಆ ಖಾಲಿ ಜಾಗದಲ್ಲಿ ಪಾಸ್‌ವರ್ಡಪ್ಪನಿಗೆ ಸಮುದ್ರ ಕಾಣಿಸಿತು.

"ನನ್ನ ಹೆಸರು ಬರೀತೀನಿ ಸಾರ್."

"ಛೆ, ಅದು ಹೇಗಾಗುತ್ತೆ," ಎಂದರು ಸಾಹೇಬರು, ಪೆನ್ನಿನ ಮುಚ್ಚಳ ತೆಗೆಯುತ್ತ. ವರದಿಗೊಂದು, ರಜೆ ಚೀಟಿಗೊಂದು ಸಹಿ ಒಂದೇ ಉಸಿರಿಗೆ ಬಿದ್ದವು.

ನಾಲ್ಕು ಗಂಟೆಗೆ ಗಂಟೆ ಮತ್ತೆ ಬಾರಿಸಿತು. ಸಾಹೇಬರು ಕಿಟಕಿಯ ಕಡೆ ನೋಡುತ್ತ ಮಾತಾಡಿದರು. "ಕೇಂದ್ರ ಕಚೇರಿಯಿಂದ ಫೋನ್ ಬಂದಿತ್ತು. ಸಿಕ್ಕಿಬಿದ್ದೋರಿಗೆ ನಾಳೆಯಿಂದಲೇ ಹತ್ತು ದಿನ ತರಬೇತಿಯಂತೆ. ಅದು ಮುಗಿಯೋವರೆಗೂ ರಜೆ ಕೊಡಕೂಡದಂತೆ. ಆ ಚೀಟಿ ಇತ್ತ ಕೊಡಿ."

ಪಾಸ್‌ವರ್ಡಪ್ಪ ಜೇಬಿನಿಂದ ಚೀಟಿ ತೆಗೆದು ಕೊಟ್ಟ. "ಪಾಠ ಹೇಳೋಕೆ ಯಾರು ಬರ್ತಾರೆ ಸಾರ್?"

"ಯಾರೂ ಬರೋದಿಲ್ಲ. ಆಯಾ ಕಚೇರಿ ಸಂಯೋಜಕರೇ ಹೇಳಿಕೊಡಬೇಕಂತೆ."

ಮರುದಿನ ಹೆಂಡತಿ ಬೆಳಗಿನ ಬಸ್ಸಿಗೆ ಹೋದಳು. ಹತ್ತು ಗಂಟೆಗೆ ಸಭಾಕೊಠಡಿಯಲ್ಲಿ ತರಬೇತಿ ಆರಂಭವಾಯಿತು. ಪಾಸ್‌ವರ್ಡಪ್ಪ ಹಲಗೆಯ ಮೇಲೆ 'ಸಂಶಯ ಬಂದರೆ ಒತ್ತಬಾರದು' ಎಂದು ದೊಡ್ಡದಾಗಿ ಬರೆದ. ಆಮೇಲೆ ಮೊದಲ ಸಾಲಿಗೆ ಬಂದು ಕೂತು ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಹಾಜರಿ ನೂರಕ್ಕೆ ನೂರು.