ಬೆಚ್ಚಗಿನ ರಾಶಿ

ಕನ್ನಡಕದಂಗಡಿಯವನಿಗೆ ಬಗ್ಗಿ ಕಳೆ ಕೀಳುವುದೆಂದರೆ ಜೀವ ಹೋದಷ್ಟು ಬೇಸರ. ಎಲ್ಲ ಶುರುವಾದದ್ದು ಅದರಿಂದಲೇ. ಒಂದು ವಾರಕ್ಕೆಂದು ತವರಿಗೆ ಹೊರಟ ಹೆಂಡತಿ, "ನಾನು ಬರೋ ಹೊತ್ತಿಗೆ ತೋಟದಲ್ಲಿ ಒಂದೇ ಒಂದು ಕಳೆ ಕಂಡ್ರೂ ಸುಮ್ನಿರಲ್ಲ" ಎಂದು ಗದರಿಸಿಯೇ ಹೋಗಿದ್ದಳು. ಇವನು ಮರ ಕಡಿಯುವವನನ್ನು ಹಿಡಿದು ಒಂದು ಗಾಡಿ ಹಸಿ ಮರದ ಚೂರು ತರಿಸಿದ. "ನಾಲ್ಕು ಬೆರಳು ದಪ್ಪಕ್ಕೆ ಹರಡಿ ಸಾರ್, ಕಳೆ ತಲೆ ಎತ್ತಲ್ಲ" ಎಂದು ಹೇಳಿ ಅವನು ಹೋದ. ನಾಳೆ ಹರಡಿದರಾಯಿತು ಎಂದುಕೊಂಡೇ ವಾರ ಕಳೆಯಿತು. ಆಳೆತ್ತರದ ರಾಶಿ ಹಾಗೆಯೇ ಕೂತಿತ್ತು.

ಹೆಂಡತಿ ವಾಪಸಾಗುವ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಬಂದರೆ, ರಾಶಿ ಉಸಿರಾಡುತ್ತಿತ್ತು. ನೆತ್ತಿಯಿಂದ ಬಿಳಿ ಹಬೆ ಎಳೆ ಎಳೆಯಾಗಿ ಏಳುತ್ತಿತ್ತು. ಮುಟ್ಟಿದ. ಜ್ವರ ಬಂದ ಮಗುವಿನ ಹಣೆಯ ಹಾಗೆ ಬಿಸಿ. ಬುಡದಲ್ಲಿ ನಾಲ್ಕೈದು ಬಿಳುಚಿದ ಬೆರಳುಗಳು ಚೂರನ್ನು ಸರಿಸಿ ಹೊರಗೆ ಬಂದಿದ್ದವು.

ಬಾಯಲ್ಲಿದ್ದ ನೊರೆಯೆಲ್ಲ ಹೊಟ್ಟೆಗಿಳಿಯಿತು. ಬಗ್ಗಿ ನೋಡಿದರೆ ಅಣಬೆ! ಒಬ್ಬನೇ ನಕ್ಕುಬಿಟ್ಟ.

"ಯಾರ್ ಜೊತೆ ನಗ್ತಿದೀರಿ?" ಗೋಡೆಯ ಮೇಲೆ ಪಕ್ಕದ ಮನೆಯ ದರ್ಜಿಯ ಹೆಂಡತಿಯ ತಲೆ ಎದ್ದಿತು. ಕಣ್ಣು ರಾಶಿಯ ಮೇಲೆ, ಬೆರಳುಗಳ ಮೇಲೆ. "ಅಕ್ಕ ಎಲ್ಲಿ, ಒಂದು ವಾರದಿಂದ ಕಾಣ್ತಿಲ್ಲ?"

"ತವರಿಗೆ ಹೋಗಿದಾಳಲ್ಲ."

"ನಂಗೆ ಹೇಳ್ದೆ ಅಕ್ಕ ಬೀದಿ ತಿರುವಿಗೂ ಹೋಗೋಳಲ್ಲ."

ಮಧ್ಯಾಹ್ನದ ಹೊತ್ತಿಗೆ ಅರ್ಧ ಬೀದಿ ಹಿತ್ತಲಲ್ಲಿತ್ತು. ಎದುರು ಮನೆಯ ನಿವೃತ್ತ ಪೇದೆ ಸನಿಕೆಯನ್ನೇ ಹಿಡಿದು ಬಂದಿದ್ದರು.

"ಇದ್ಯಾಕ್ರೀ ಬಿಸಿ?"

"ಒಳಗೆ ಕೊಳೀತಾ ಇದೆ ಸಾರ್, ಅದಕ್ಕೇ ಬಿಸಿ."

"ಏನು ಕೊಳೀತಾ ಇದೆ ಅಂತಾನೇ ನಾನೂ ಕೇಳ್ತಿರೋದು."

ಹೆಂಡತಿಗೆ ಫೋನ್ ಮಾಡಿಸಿದರು. ಸ್ವಿಚ್ ಆಫ್. ಎಲ್ಲರೂ ಮುಖ ಮುಖ ನೋಡಿಕೊಂಡರು.

"ಸಂಜೆ ಬಸ್ಸಿಗೆ ಬರ್ತಾಳೆ ಸಾರ್. ಬರ್ದಿದ್ರೆ ನನ್ನ ಠಾಣೆಗೆ ಎಳ್ಕೊಂಡ್ಹೋಗಿ" ಎಂದು ಇವನು ಅಳುವ ದನಿಯಲ್ಲಿ ಹೇಳಿದ.

"ಬಿಡ್ತೀನಾ ಮತ್ತೆ?" ಎಂದು ಪೇದೆ ಸನಿಕೆ ಹಾಕಿದರು.

ಒಡೆದ ರಾಶಿಯಿಂದ ಹಬೆ ಭುಸುಗುಟ್ಟಿತು. ಅಗೆಯುವವರ ರುಂಡಗಳು ಹಬೆಯಲ್ಲಿ ಕರಗಿ, ಬರೀ ಮುಂಡಗಳು ಓಡಾಡುವಂತೆ ಕಂಡವು. ಎರಚಿದ ಚೂರು ತೋಟದ ತುಂಬ ನಾಲ್ಕು ಬೆರಳು ದಪ್ಪಕ್ಕೆ ಬಿತ್ತು. ಕೂಲಿಯಿಲ್ಲದೆ ಕೆಲಸವಾಯಿತಲ್ಲ ಎಂದು ಇವನಿಗೆ ಆ ನಡುಕದಲ್ಲೂ ಒಂದು ಸಣ್ಣ ಸಂತೋಷ. ಕೊನೆಗೆ ನೆಲ ಕಂಡಿತು. ಏನೂ ಸಿಗಲಿಲ್ಲ.

ಮಬ್ಬುಗತ್ತಲಲ್ಲಿ ಗೇಟು ಕಿರುಗುಟ್ಟಿತು. ಹೆಂಡತಿ!

ಇವನು ಓಡಿಹೋಗಿ ಅವಳ ಕೈಯನ್ನು ಪಂದ್ಯದಲ್ಲಿ ಗೆದ್ದ ಕಪ್ಪಿನ ಹಾಗೆ ಎತ್ತಿ ತೋರಿಸಿದ. "ನೋಡ್ಕೊಳ್ಳಿ! ಮುಟ್ಟಿ ನೋಡ್ಕೊಳ್ಳಿ!"

ಪೇದೆ ಸನಿಕೆ ಕೆಳಗಿಟ್ಟರು. "ತಪ್ಪು ತಿಳ್ಕೊಂಡ್ವಿ ಕಣಪ್ಪಾ."

ಹೆಂಡತಿ ಎಲ್ಲರನ್ನೂ ಒಂದು ಸುತ್ತು ನೋಡಿದಳು. "ಇದೇನ್ರೀ ಜಾತ್ರೆ? ನಮ್ಮಣ್ಣ ಎಲ್ಲಿ?"

"ಯಾವ ಅಣ್ಣ?"

"ನನಗಿರೋನು ಒಬ್ಬನೇ ಅಲ್ವಾ! ಭಾವ ಒಬ್ಬರ ಕೈಲಿ ಆಗಲ್ಲ, ಕಳೆ ಕೀಳೋಕೆ ಕೈ ಹಾಕ್ತೀನಿ ಅಂತ ಮೊನ್ನೇನೇ ಹೊರಟು ಬಂದ. ನಿಮ್ಮ ಗೇಟ್ ಹತ್ರಾನೇ ಇದೀನಿ, ಹಿತ್ತಲಲ್ಲಿ ಏನೋ ಹೊಗೆ ಕಾಣ್ತಿದೆ, ನೋಡ್ತೀನಿ ಇರು ಅಂತ ಫೋನ್ ಇಟ್ಟ. ಆಮೇಲೆ ಸುದ್ದೀನೇ ಇಲ್ಲ."

"ಇಲ್ಲಿಗೆ ಯಾರೂ... ಯಾರೂ ಬಂದಿಲ್ಲ ಕಣೇ."

ದರ್ಜಿಯ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಛೆ, ನೆಲ ಬಂತು ಅಂತ ನಿಲ್ಲಿಸಿಬಿಟ್ವಲ್ಲ" ಎನ್ನುತ್ತ ಪೇದೆ ಮತ್ತೆ ಸನಿಕೆ ಎತ್ತಿಕೊಂಡರು. ಚಪ್ಪಲಿ ಬಿಟ್ಟು, ಬರಿಗಾಲನ್ನು ನೆಲಕ್ಕೆ ಊರಿ, ಕನ್ನಡಕದಂಗಡಿಯವನ ಕಡೆ ನಿಧಾನವಾಗಿ ತಿರುಗಿದರು.

ನೆಲ ಇನ್ನೂ ಬೆಚ್ಚಗಿತ್ತು.