ತೋರೆಯಾ ಹಕ್ಕಿಯ ಗೃಹಪ್ರವೇಶ

ಹೊಸ ಗ್ರಂಥಾಲಯಕ್ಕೆ ಈ ನೆಲದ ಹಕ್ಕಿಗಳು ಮರಳಿ ಬರಲಿ ಎಂದು ಬಡಾವಣೆಯ ಜನರೆಲ್ಲ ಹಂಬಲಿಸಿದ್ದರು. ಒಂದು ಬಂದೇಬಿಟ್ಟಿತು. ಬಂದು, ಉದ್ಘಾಟನೆಯ ದಿನವೇ ಮುಂಬಾಗಿಲಿಗೆ ಅಡ್ಡವಾಗಿ ಮೊಟ್ಟೆಯಿಟ್ಟು ಕೂತಿತು.

ಮೊದಲು ಕಂಡದ್ದು ಕಟ್ಟಡ ನೋಡಿಕೊಳ್ಳುವ ಡೆಸ್ಮಂಡನಿಗೆ. ಕ್ರೈಸ್ಟ್‌ಚರ್ಚಿನ ಭೂಕಂಪದಲ್ಲಿ ಹಳೆಯ ಗ್ರಂಥಾಲಯ ಬಿದ್ದಾಗಿನಿಂದ ಅವನ ಕಚೇರಿಯೆಂದರೆ ಹಿತ್ತಲಿನ ತಗಡಿನ ಕಂಟೇನರು. ಬೇಸಿಗೆಯಲ್ಲಿ ಬೆಂದು, ಚಳಿಗಾಲದಲ್ಲಿ ನಡುಗಿ ಅವನು ಕಾದದ್ದು ಒಂದಕ್ಕೇ: ಹೊಸ ಕಟ್ಟಡದಲ್ಲಿ, ತೋಟದ ಕಡೆ ಗಾಜಿನ ಬಾಗಿಲಿರುವ ತನ್ನದೇ ಕೋಣೆ. ಉದ್ಘಾಟನೆ ಮುಗಿದರೆ ಮೇಜು ಇವತ್ತೇ ಒಳಕ್ಕೆ.

ಹಿಂದೆ ಇಲ್ಲಿ ಹರಿಯುತ್ತಿದ್ದ ಹೊಳೆಯ ನೆನಪಿಗೆಂದು ವಾಸ್ತುಶಿಲ್ಪಿ ಇಮೋಜನ್ ಬಾಗಿಲ ಮುಂದೆ ಹೊಳೆಗಲ್ಲು ಹರಡಿಸಿದ್ದಳು. ಹೊಳೆಗಲ್ಲಿನ ಮೇಲೇ ಮೊಟ್ಟೆಯಿಡುವ ತೋರೆಯಾ ಅದನ್ನು ಪೂರ್ತಿ ನಂಬಿತ್ತು.

"ಎತ್ತಿ ಆ ಕಡೆ ಇಡ್ಲಾ?" ಎಂದ ಡೆಸ್ಮಂಡ್.

"ಮುಟ್ಟಿದ್ರೆ ಕೇಸಾಗುತ್ತೆ," ಎಂದಳು ಇಮೋಜನ್. ಅವಳ ಕಣ್ಣು ತುಂಬಿತ್ತು. "ನನ್ನ ವಿನ್ಯಾಸ ಗೆದ್ದಿತು, ಡೆಸ್."

"ಗೆಲ್ಲಲಿ. ಜನ ಒಳಗೆ ಹೋಗೋದು ಹೆಂಗೆ?"

ಗೋಡೆಗೆ ಅಂಟಿಕೊಂಡು ನುಸುಳಬಹುದೇನೋ ಎಂದು ಅವನು ಕೊಡೆ ಅಡ್ಡ ಹಿಡಿದು ಹೊರಟ. ಹಕ್ಕಿ ತನ್ನ ಉದ್ದನೆಯ ಕೆಂಪು ಕೊಕ್ಕಿನಿಂದ ಮೀನಖಂಡಕ್ಕೆ ಕುಕ್ಕಿತು.

"ಅದಕ್ಕೂ ನಿನ್ನ ಮುಖ ಕಂಡ್ರೆ ಆಗಲ್ಲ ನೋಡು," ಎಂದಳು ಗ್ರಂಥಪಾಲಕಿ ಬೆವರ್ಲಿ, ಚಹಾ ಕುಡಿಯುತ್ತ. ಅವನು ಕುಂಟುವ ಚಿತ್ರವನ್ನು ಫೋನಿನಲ್ಲಿ ಹಂಚಿಯೂ ಬಿಟ್ಟಳು. ಅರ್ಧ ಗಂಟೆಯಲ್ಲಿ ಅರ್ಧ ಬಡಾವಣೆ ನೆರೆಯಿತು. ಕಿಟಕಿ ಹತ್ತಿ ಇಳಿಯಿರಿ ಎಂಬಂಥ ಸಲಹೆಗಳಿಗೇನೂ ಬರವಿರಲಿಲ್ಲ, ಏಣಿ ತರುವವರು ಮಾತ್ರ ಯಾರೂ ಇರಲಿಲ್ಲ.

ಅಷ್ಟರಲ್ಲಿ ಆಂಟಿ ಮೆರೆಯಾನಾ ತಮ್ಮ ಹಿರಿಯರೊಡನೆ ಬಂದರು. ಇದು ಅವರ ಮಾವೊರಿ ಕುಲದ ನೆಲ. ಅವರು ಕರಕೀಯಾ ಎಂಬ ಪ್ರಾರ್ಥನೆ ಹೇಳಿ ಹರಸಿ, ಮೊದಲ ಹೆಜ್ಜೆ ಇಡುವವರೆಗೆ ಕಟ್ಟಡ ಯಾರದೂ ಅಲ್ಲ.

"ಆಂಟಿ, ಹಿಂದ್ಗಡೆ ಕಸದ ತೊಟ್ಟಿ ಹತ್ರ ಒಂದು ಬಾಗಿಲಿದೆ..." ಎಂದ ಡೆಸ್ಮಂಡ್.

"ನಮ್ಮ ಹೊಳೆ ಮುಚ್ಚಿ ರಸ್ತೆ ಮಾಡಿದ್ರಿ. ಈಗ ಕಸದ ಬಾಗಿಲಿಂದ ಬನ್ನಿ ಅಂತೀಯಾ, ಮಗಾ?"

ಡೆಸ್ಮಂಡನಿಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಅವನ ತಲೆ ಓಡಿತು.

"ನನ್ನ ಕೋಣೆಗೆ ತೋಟದ ಕಡೆ ಒಂದು ಬಾಗಿಲಿದೆ. ಇವತ್ತೊಂದಿನ ಅಲ್ಲಿಂದ ಬನ್ನಿ, ಆಂಟಿ."

ಆಂಟಿ ಹೋಗಿ ನೋಡಿದರು. ಎಳೆಬಿಸಿಲು ನೇರ ಬಾಗಿಲಿಗೆ ಬೀಳುತ್ತಿತ್ತು. "ಇದು ಚೆನ್ನಾಗಿದೆ," ಎಂದರು.

ಆಂಟಿ ಆ ಬಾಗಿಲಲ್ಲೇ ನಿಂತು ಕರಕೀಯಾ ಹೇಳಿದರು. ಹಿರಿಯರು ಒಳಗೆ ನಡೆದರು, ಜನ ಹಿಂಬಾಲಿಸಿದರು, ಸಿಕ್ಕವರೆಲ್ಲ ಡೆಸ್ಮಂಡನ ಬೆನ್ನು ತಟ್ಟಿದರು. ಅವನು ಕುಂಟುತ್ತಲೇ ಕಂಟೇನರಿಗೆ ಓಡಿ ಮೇಜು ಎಳೆದು ತಂದ.

"ಎಲ್ಲಿಗೆ ಹೊರಟೆ?" ಎಂದರು ಆಂಟಿ.

"ನನ್ನ ಕೋಣೆಗೆ."

"ಕೋಣೆ ಎಲ್ಲಿದೆ? ನಾವು ಹರಸಿ ಕಾಲಿಟ್ಟ ಬಾಗಿಲು ಇದು. ಇನ್ನು ಎಲ್ಲರೂ ಬರೋದು ಇಲ್ಲಿಂದ್ಲೇ. ದಾರೀಲಿ ಮೇಜು ಇಡ್ತಾರಾ?"

"ಹಕ್ಕಿ ಹೋದ ಮೇಲೆ..."

"ಮುಂದಿನ ವರ್ಷ ಮತ್ತೆ ಬರುತ್ತೆ. ಆ ಜಾಗ ಅದರದ್ದು."

ಇಮೋಜನ್ ಆಗಲೇ ಕೋಣೆಯ ಒಳಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು, ಒಡೆಸಲು. ಡೆಸ್ಮಂಡನ ಮುಖ ನೋಡಿ ಆಂಟಿ ಅವನ ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡ. ಬಾಗಿಲಿಗೆ ನಿನ್ನ ಹೆಸರೇ ಇಡೋಣ."

ಸಂಜೆಗೆ 'ಡೆಸ್ಮಂಡ್ ದ್ವಾರ' ಎಂಬ ಹಲಗೆ ಬಂತು. ಅದನ್ನು ಮೇಲೆ ಹತ್ತಿ ಬಡಿದವನು ಡೆಸ್ಮಂಡನೇ. ಸುತ್ತಿಗೆ, ಮೊಳೆ, ಏಣಿ ಎಲ್ಲ ಇದ್ದದ್ದು ಅವನ ಕಂಟೇನರಿನಲ್ಲಿ.